ಮುಟ್ಟಿದ ಚೀಟಿ

ಲಿಲ್ಲಿ ಹೂವುಗಳ ನಡುವಿನ ಕೇಸರಗಳನ್ನು ಹೂವಿನಂಗಡಿಯ ಯಜಮಾನಿ ಉಗುರಿನಿಂದ ಒಂದೊಂದಾಗಿ ಚಿವುಟಿ ಕೀಳುತ್ತಿದ್ದಳು. ಕೀಳದೆ ಬಿಟ್ಟರೆ ಅದರ ಪುಡಿ ಬಟ್ಟೆಗೆ ಅಂಟುತ್ತದೆ, ಅಂಟಿದ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ. ಹದಿನೇಳು ವರ್ಷಗಳಿಂದ ಅಲ್ಲಿ ಕೆಲಸಕ್ಕಿದ್ದ ಅವನಿಗೆ ಗೊತ್ತಿದ್ದ ಸಂಗತಿಯೇ ಇದು. ಆದರೂ ಈ ಬೆಳಿಗ್ಗೆ ಅವನಿಂದ ಅದನ್ನು ನೋಡಲಾಗಲಿಲ್ಲ. ಅರಳಿದ ಒಂದೊಂದು ಹೂವಿನ ಬಾಯೊಳಗೂ ಎರಡು ಬೆರಳು ಇಳಿಯುತ್ತಿದ್ದವು, ಸಣ್ಣಗೆ ತಿರುಚುತ್ತಿದ್ದವು, ಹೊರಬರುತ್ತಿದ್ದವು. ಹೂವು ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ಸಹಿಸಲಾಗದೆ ಹೋದದ್ದು ಅದೇ.

"ಏನ್ ನಿಂತ್ಕೊಂಡು ನೋಡ್ತಿದ್ದೀಯ, ಮೂಗು? ಜಾಡಿಗೆ ನೀರು ಹಿಡಿ," ಅಂದಳು ಯಜಮಾನಿ.

"ಯಾವ ಜಾಡಿಗೆ ಅಮ್ಮಾವ್ರೆ?"

"ದಪ್ಪ ಗಾಜಿನದು. ಅವ್ರು ಯಾವತ್ತೂ ತಗೊಳ್ಳೋದು ಅದೇ ತಾನೆ?"

ಅವರು ಎಂದರೆ ದೊಡ್ಡ ಬೀದಿಯ ಕನ್ನಡಕದಂಗಡಿಯವನು. ಇಂದಿಗೆ ಒಂಬತ್ತು ದಿನಗಳ ಹಿಂದೆ, ಸಂಜೆ ಐದರ ಸುಮಾರಿಗೆ, ಅವನ ಹೆಂಡತಿಯ ದವಡೆ ಎರಡು ಕಡೆ ಮುರಿದಿತ್ತು, ಎಡಗಣ್ಣು ಹೋಗಿತ್ತು. ಆಕೆ ಮೆಟ್ಟಿಲ ಮೇಲಿಂದ ಬಿದ್ದಳೆಂದು ಪೊಲೀಸರು ಬರೆದುಕೊಂಡಿದ್ದರು. ಆಕೆ ಗಂಡನ ಮನೆ ಬಿಟ್ಟು ಆಗ ಹನ್ನೊಂದು ದಿನವಾಗಿತ್ತು. ಎಲ್ಲಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ ಎಂದು ಕನ್ನಡಕದವನು ಕಣ್ಣೊರೆಸಿಕೊಂಡು ಹೇಳಿದ್ದ. ಆ ಮಾತು ಸುಳ್ಳೆಂದು ಊರಿನಲ್ಲಿ ಇಬ್ಬರಿಗೆ ಖಚಿತವಾಗಿ ಗೊತ್ತಿತ್ತು. ಒಬ್ಬಳು ಲಿಲ್ಲಿಯ ಕೇಸರ ಕೀಳುತ್ತಿದ್ದಳು. ಇನ್ನೊಬ್ಬ ನಲ್ಲಿಯ ಕೆಳಗೆ ಜಾಡಿ ಹಿಡಿದು ನಿಂತಿದ್ದ.

ಜಾಡಿಯ ತಳದಲ್ಲಿ, ಗಾಜಿನೊಳಗೆ, ಒಂದು ಗಾಳಿಯ ಗುಳ್ಳೆ ಸಿಕ್ಕಿಕೊಂಡಿತ್ತು. ಅದನ್ನು ಕಂಡೊಡನೆ ಅವನು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಹೂವು ಬಾಡಿದ ಮೇಲೆ ಜಾಡಿಯನ್ನು ತೊಳೆದು ಅಂಗಡಿಗೆ ಮರಳಿಸುವುದು ಇಲ್ಲಿಯ ಪದ್ಧತಿ. ಒಂಬತ್ತು ದಿನಗಳ ಹಿಂದೆ ಈ ಗುಳ್ಳೆಯ ಜಾಡಿಯನ್ನೇ ಅವನು ಆಕೆಯ ಕೈಗೆ ಕೊಟ್ಟು ಬಂದದ್ದು. ಮಾರನೆಯ ಬೆಳಿಗ್ಗೆ ಕನ್ನಡಕದವನು ತಾನೇ ಬಂದು ಮೇಜಿನ ಮೇಲೆ ಅದನ್ನಿಟ್ಟಿದ್ದ. ಚೆನ್ನಾಗಿ ತೊಳೆದಿದ್ದ, ಒರೆಸಿ, ಬೆಳಕಿಗೆ ಹಿಡಿದು ನೋಡಿಯೂ ಇದ್ದನೇನೋ, ಗಾಜು ಒರೆಸುವುದು ಅವನ ಕಸುಬಲ್ಲವೆ? ಜಾಡಿಗೆ ಒಂದು ಬಿರುಕೂ ಇರಲಿಲ್ಲ. "ಬಿದ್ರೂ ಒಡಿಯಲ್ಲ ಇದು," ಎಂದು ಯಜಮಾನಿ ಗಿರಾಕಿಗಳೆದುರು ಕೊಚ್ಚಿಕೊಳ್ಳುವ ಮಾತನ್ನು ಅಂದು ಮಾತ್ರ ಆಡಿರಲಿಲ್ಲ. ಸುಮ್ಮನೆ ತೆಗೆದು ಉಳಿದ ಜಾಡಿಗಳ ಸಾಲಿಗೆ ಸೇರಿಸಿದ್ದಳು. ತಪ್ಪನ್ನು ಕಾಣುವುದಕ್ಕೂ ಕಂಡದ್ದನ್ನು ಸಾಲಿಗೆ ಸೇರಿಸುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರವಿರುವುದಿಲ್ಲ. ಅದನ್ನು ಅವನು ಅಂದೇ ನೋಡಿದ್ದ. ನೋಡಿ, ಗುಲಾಬಿಯ ಮುಳ್ಳು ಸವರುವ ಕೆಲಸವನ್ನು ಮುಂದುವರಿಸಿದ್ದ.

"ಆ ದಿನದ ಅರ್ಧ ಚೀಟಿ ಸುಟ್ಯೇನೋ?" ಯಜಮಾನಿ ತಲೆಯೆತ್ತದೆ ಕೇಳಿದಳು.

"ಸುಟ್ಟೆ."

"ಬೂದಿ?"

"ಬೂದೀನ ಏನ್ಮಾಡ್ಲಿ ಅಮ್ಮಾವ್ರೆ, ಹಣೆಗೆ ಹಚ್ಕೊಳ್ಲಾ?"

ಅವಳು ನಕ್ಕಳು. ಅವನೂ ನಕ್ಕ. ಆ ಅರ್ಧ ಚೀಟಿ ಅವನ ಒಳಜೇಬಿನಲ್ಲಿ, ಒಂಬತ್ತು ದಿನಗಳ ಬೆವರಿನಲ್ಲಿ ಮೆತ್ತಗಾಗಿ, ಎದೆಗಂಟಿಕೊಂಡಿತ್ತು.

ಅಂಗಡಿಯ ಹಲಗೆಯ ಮೇಲೆ ಬರೆದಿತ್ತು: ನಿಮ್ಮ ಪ್ರೀತಿಪಾತ್ರರು ಊರಿನಲ್ಲಿ ಎಲ್ಲೇ ಇರಲಿ, ತಾಜಾ ಹೂವು ಅವರ ಕೈಗೇ ಮುಟ್ಟುತ್ತದೆ. ಈ ಮಾತನ್ನು ನಿಜ ಮಾಡುತ್ತಿದ್ದವನು ಅವನು. ಚೀಟಿಗೆ ಎರಡು ಅರ್ಧ. ಒಂದು ಹೂವಿನ ಜೊತೆ ಹೋಗುತ್ತದೆ; ಹೂವು ಪಡೆದವರು ಅದಕ್ಕೆ ಸಹಿ ಹಾಕುತ್ತಾರೆ, ಅವನು ಜಾಗವನ್ನೂ ಗಂಟೆಯನ್ನೂ ಬರೆದು ಕಳಿಸಿದವರ ಕೈಗೆ ಅಂದೇ ತಲುಪಿಸುತ್ತಾನೆ. ಅದು ಬಂತೆಂದು ಕಳಿಸಿದವರು ಗಂಟೆ ಹಾಕಿ ಸಹಿ ಮಾಡುವ ಇನ್ನೊಂದು ಅರ್ಧ ಅಂಗಡಿಯ ಪುಸ್ತಕದಲ್ಲಿ ಉಳಿಯುತ್ತದೆ. ಬಾಡಿಗೆ ಮನೆ ಬದಲಾಯಿಸಿದವರು, ಆಸ್ಪತ್ರೆ ಸೇರಿದವರು, ಹೆಸರು ಮಾತ್ರ ಗೊತ್ತಿದ್ದವರು, ಯಾರಾದರೂ ಸರಿ, ಅವನು ಹುಡುಕದೆ ಬಿಟ್ಟವನಲ್ಲ. ಊರು ಅವನಿಗೆ ನಾಯಿಮೂಗು ಎಂದು ಹೆಸರಿಟ್ಟಿತು. ಮೊದಮೊದಲು ನೋವಾಗುತ್ತಿತ್ತು. ಆಮೇಲೆ, ಎಂದಿನಿಂದಲೋ ತಿಳಿಯದು, ಆ ಹೆಸರಿಗೆ ಬಾಲ ಅಲ್ಲಾಡಿಸತೊಡಗಿದ.

"ತಗೊಂಡ್ಹೋಗು," ಅಂದಳು ಯಜಮಾನಿ, ಜಾಡಿಯಲ್ಲಿ ಲಿಲ್ಲಿ, ಗುಲಾಬಿಗಳನ್ನು ಅಣಿಗೊಳಿಸಿ. "ಆಸ್ಪತ್ರೆ, ಹೆಂಗಸರ ವಾರ್ಡು. ಬೇಗ ಗುಣವಾಗಿ ಮನೆಗೆ ಬಾ ಅಂತ ಬರೆಸಿದ್ದಾರೆ. ಪಾಪ."

"ಪಾಪ ಯಾರು ಅಮ್ಮಾವ್ರೆ?"

ಅವಳ ಕತ್ತರಿ ನಿಂತಿತು. "ನೋಡು, ನಾವು ಹೂ ಮಾರೋರು. ಕಳಿಸ್ದೋರ ಮನಸ್ಸು ಒಳ್ಳೇದೋ ಕೆಟ್ಟದ್ದೋ ಅಂತ ಮೂಸಿ ನೋಡೋಕೆ ನಿನಗೆ ನಾನು ಸಂಬಳ ಕೊಡ್ತಿಲ್ಲ. ಇವತ್ತು ಬೇಡ ಅಂದ್ರೆ ನಾಳೆ ಜನ ಯಾಕೆ ಅಂತ ಕೇಳ್ತಾರೆ. ಆಗ ನೀನು ಬಾಯಿ ಬಿಡ್ತೀಯ, ಅಂಗಡಿ ಬಾಗಿಲು ಮುಚ್ಚುತ್ತೆ. ಮನೆಗೆ ಹೋಗಿ ಹೆಂಡತಿ ಮುಖ ನೋಡ್ತಾ ಕೂತ್ಕೊ."

ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಜಾಡಿಯನ್ನಿಟ್ಟು, ಅಲ್ಲಾಡದಂತೆ ಹಳೆಯ ಪತ್ರಿಕೆ ತುರುಕಿ, ಅವನು ಹೊರಟ. ಹೆಂಡತಿಯ ಮುಖ. ಅದನ್ನು ನೋಡುತ್ತ ಕೂರುವುದು ಅವನಿಗೆ ಸುಲಭವಲ್ಲವೆಂಬುದು ಯಜಮಾನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಏನು ಕಾರಣವೆಂಬುದೂ ಈಗ ಸರಿಯಾಗಿ ನೆನಪಿಲ್ಲ, ಬಾಗಿಲಿನ ಬಳಿ ನಿಂತು ಅವಳೇನೋ ಎದುರಾಡಿದಳು, ಇವನ ಕೈ ಹೋಗಿ ಅವಳ ಕೆನ್ನೆಗೆ ಅಪ್ಪಳಿಸಿತು. ಒಂದೇ ಸಲ. ಈ ಒಂದೇ ಸಲ ಎಂಬ ಮಾತನ್ನು ಅವನು ಇಪ್ಪತ್ತು ವರ್ಷ ತೊಳೆದು, ಒರೆಸಿ, ಸಾಲಿನಲ್ಲಿ ಇಟ್ಟುಕೊಂಡು ಬಂದಿದ್ದ. ಆ ಮಾರನೆಯ ದಿನ ಎಲ್ಲಿಂದಲೋ ಒಂದು ಗುಲಾಬಿ ತಂದು ಕೊಟ್ಟ. ಅವಳು ಅದನ್ನು ಲೋಟದ ನೀರಿನಲ್ಲಿಟ್ಟಳು, ಏನೂ ಅನ್ನಲಿಲ್ಲ. ಅಲ್ಲಿಗೆ ಅದು ಮುಗಿಯಿತು ಎಂದು ಅವನು ತೀರ್ಮಾನಿಸಿದ. ಹೊಡೆದವನೇ ನ್ಯಾಯಾಧೀಶನೂ ಆದರೆ ಮೊಕದ್ದಮೆ ಬೇಗ ಮುಗಿಯುತ್ತದೆ. ಇಂದಿಗೂ, ದೀಪದ ಗುಂಡಿ ಒತ್ತಲೆಂದು ಇವನು ಕೈ ಎತ್ತಿದರೂ ಸಾಕು, ಪಕ್ಕದಲ್ಲಿರುವ ಅವಳ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುತ್ತದೆ. ಅವಳಿಗೇ ಅದು ಗೊತ್ತಿಲ್ಲ. ಇವನು ಇಪ್ಪತ್ತು ವರ್ಷಗಳಿಂದ ಅದನ್ನು ಕಾಣದವನಂತೆ ಬದುಕಿದ್ದ. ಕಳೆದ ಒಂಬತ್ತು ದಿನಗಳಿಂದ ದೀಪ ಹಚ್ಚುವುದನ್ನೇ ಬಿಟ್ಟಿದ್ದ.

ದೊಡ್ಡ ಬೀದಿಗೆ ತಿರುಗುವಾಗ ಕನ್ನಡಕದಂಗಡಿಯ ಗಾಜಿನ ಬಾಗಿಲು ಬಿಸಿಲಿಗೆ ಹೊಳೆಯಿತು. ಒಳಗೆ ಮುದುಕಿಯೊಬ್ಬಳ ಗದ್ದವನ್ನು ಎರಡು ಬೆರಳಿನಲ್ಲಿ ಮೃದುವಾಗಿ ಎತ್ತಿ ಹಿಡಿದು ಕನ್ನಡಕದವನು ಅವಳ ಮೂಗಿಗೆ ಚೌಕಟ್ಟು ಹೊಂದಿಸುತ್ತಿದ್ದ. ಒಳ್ಳೆಯವನು. ಊರಿನ ಅರ್ಧ ಮೂಗುಗಳ ಮೇಲೆ ಅವನ ಕನ್ನಡಕ. ಪಕ್ಕದ ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರರ ಮೂಗಿನ ಮೇಲೆ ಕೂಡ. ಇವನ ಮೂಗಿನ ಮೇಲೂ ಅವನದೇ, ಅದೂ ಬಿಟ್ಟಿ. "ನೀವು ಊರಿನೋರನ್ನೆಲ್ಲ ಹುಡುಕೋರು, ನಿಮ್ಮ ಕಣ್ಣು ಚೆನ್ನಾಗಿರ್ಬೇಕು," ಎಂದು ಎರಡು ವರ್ಷಗಳ ಹಿಂದೆ ಕೊಟ್ಟಿದ್ದ. ಒಬ್ಬ ಗಂಡಸು ಒಳ್ಳೆಯವನೋ ಅಲ್ಲವೋ ಎಂದು ಹೇಳುವ ಹಕ್ಕನ್ನು ಅವನ ಹೆಂಡತಿಯಿಂದ ಕಿತ್ತುಕೊಂಡು ಊರು ತಾನೇ ಇಟ್ಟುಕೊಂಡಿತ್ತು. ಆ ಕನ್ನಡಕದ ಮೂಲಕವೇ ಇವನು, ಎರಡು ವರ್ಷಗಳಲ್ಲಿ ಎಂಟು ಸಲ, ಆ ಹೆಂಗಸನ್ನು ಹೊಸ್ತಿಲ ಮೇಲೆ ನೋಡಿದ್ದ. ಒಮ್ಮೆ ತುಟಿ ಊದಿತ್ತು. ಒಮ್ಮೆ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಒಮ್ಮೆ ಏನೂ ಕಾಣುತ್ತಿರಲಿಲ್ಲ, ಆದರೆ ಚೀಟಿಗೆ ಸಹಿ ಹಾಕಲು ಬಾಗಿದಾಗ ಆಕೆಯ ಉಸಿರು ಪಕ್ಕೆಯ ಬಳಿ ತುಂಡಾಗುತ್ತಿತ್ತು. ಹೂವನ್ನು ಆಕೆ ಒಮ್ಮೆಯೂ ಒಳಗೆ ಒಯ್ಯಲಿಲ್ಲ. ಬಾಗಿಲಾಚೆಯ ನೀಲಿ ಬಕೆಟ್ಟಿನಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತಿದ್ದಳು. ಇವನು ಹೂವಿನ ಬಗ್ಗೆ ಬೇಸರಪಟ್ಟುಕೊಂಡು ಮರಳುತ್ತಿದ್ದ. ತಾಜಾ ಹೂವಲ್ಲವೆ?

ಒಂಬತ್ತು ದಿನಗಳ ಹಿಂದಿನ ಮಾತು ಮಾತ್ರ ಬೇರೆ. "ಮುನಿಸ್ಕೊಂಡು ಎಲ್ಲೋ ಹೋಗಿದ್ದಾಳೆ," ಎಂದಿದ್ದ ಕನ್ನಡಕದವನು, ಅಂಗಡಿಗೆ ಬಂದು, ತಗ್ಗಿದ ದನಿಯಲ್ಲಿ. "ಊರು ಬಿಟ್ಟಿಲ್ಲ, ಅಷ್ಟು ಗೊತ್ತು. ಎಲ್ಲಿ ಅಂತ ನಂಗೆ ಹೇಳೋದೂ ಬೇಡ ನೀವು. ಹೂವು ಮುಟ್ಟಿದ್ರೆ ಸಾಕು." ಎಷ್ಟು ದೊಡ್ಡ ಮನಸ್ಸು ಎಂದು ಯಜಮಾನಿ ನಿಟ್ಟುಸಿರುಬಿಟ್ಟಳು. ಕನ್ನಡಕದವನ ಹೆಂಡತಿಯ ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಒಂಟಿ ಹೆಣ್ಣು. ಮಧ್ಯಾಹ್ನ ಅವಳು ಹೊರಬಿದ್ದಾಗ ಕೈಯಲ್ಲಿ ಮೂರು ಅಂತಸ್ತಿನ ಊಟದ ಡಬ್ಬಿ. ಒಬ್ಬಳ ಹೊಟ್ಟೆಗೆ ಮೂರು ಅಂತಸ್ತು ಏಕೆ ಎಂದು ಮೂಗು ಕೇಳಿತು. ಮೂಗೇ ಕೇಳಿದ್ದು, ತಾನಲ್ಲ ಎಂದು ಅವನು ಇಂದು ಹೇಳಿಕೊಳ್ಳುತ್ತಾನೆ. ಸೈಕಲ್ ತಳ್ಳಿಕೊಂಡು ಅವಳ ಹಿಂದೆ ನಡೆದ. ಅವಳು ಎರಡು ಸಲ ಹಿಂತಿರುಗಿ ನೋಡಿದಳು. ಹೂವಿನವನನ್ನು ಕಂಡು ಧೈರ್ಯದಿಂದ ಮುಂದೆ ನಡೆದಳು. ಮುಚ್ಚಿಹೋದ ರಟ್ಟಿನ ಕಾರ್ಖಾನೆಯ ಮಹಡಿಯ ಕೋಣೆ. ಅವಳು ಊಟ ಕೊಟ್ಟು ಹೋದ ಮೇಲೆ ಅವನು ಮೆಟ್ಟಿಲ ಬುಡದಲ್ಲಿ ನಿಂತು, ಊರೆಲ್ಲ ಬಲ್ಲ ತನ್ನ ರಾಗದಲ್ಲಿ ಕೂಗಿದ: "ಅಮ್ಮಾ... ಹೂವು ಬಂದಿದೆ!" ಅಗುಳಿ ತೆಗೆದ ಸದ್ದಾಯಿತು. "ಯಾರು ಕಳಿಸಿದ್ದು?" ಎಂದಳು ಆಕೆ. ಹೇಳಬಾರದೆಂಬುದು ಅಂಗಡಿಯ ನಿಯಮ, ಹೆಸರು ಲಕೋಟೆಯೊಳಗಿರುತ್ತದೆ. ಅವನು ನಿಯಮ ಪಾಲಿಸಿದ. "ನನ್ನ ತಂಗೀನೇ ಇರ್ಬೇಕು, ಹುಚ್ಚಿ," ಎಂದು ಆಕೆ ಮೊದಲ ಬಾರಿಗೆ ನಕ್ಕು, ಜಾಡಿಯನ್ನು ಎದೆಗಾನಿಸಿಕೊಂಡು ಒಳಗೊಯ್ದಳು.

ಅಲ್ಲಿಂದ ಸೀದಾ ಕನ್ನಡಕದಂಗಡಿಗೆ. ನಾಲ್ಕು ಗಂಟೆ ಹತ್ತು ನಿಮಿಷ. "ಸಿಕ್ಕಿದ್ಳಾ?" ಎಂದು ಅವನು ಕೇಳಿದಾಗ ಇವನು ಆಡಿದ ಮಾತನ್ನು ಈಗ ಮರಳಿ ನುಂಗಲಾಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. "ನಾನು ಹುಡುಕಿದ್ಮೇಲೆ ಸಿಗ್ದೇ ಇರ್ತಾರಾ ಸಾರ್?" ಎಂದಿದ್ದ. ಎಂದು, ನಕ್ಕಿದ್ದ. ನಕ್ಕು, ಜಾಗ ಬರೆದಿದ್ದ ಚೀಟಿಯನ್ನು ಎರಡೂ ಕೈಯಿಂದ ಕೊಟ್ಟಿದ್ದ, ಅಂಗಡಿಯ ಅರ್ಧಕ್ಕೆ ಗಂಟೆ ಹಾಕಿಸಿ ಅವನ ಸಹಿ ಪಡೆದಿದ್ದ. ಬಟ್ಟೆ ಸುತ್ತಿದ ಬೆರಳುಗಳನ್ನು ಕಂಡವನು, ತುಂಡಾದ ಉಸಿರನ್ನು ಕೇಳಿದವನು, ಬೆನ್ನು ತಟ್ಟಿಸಿಕೊಳ್ಳುವ ಒಂದು ಕ್ಷಣದ ಆಸೆಗೆ ಅದನ್ನೆಲ್ಲ ಮರೆತ. ತನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿರುವುದನ್ನು ಕೈಗೆ ಬರಗೊಡದ ಹಾಗೆ ತಲೆಯಲ್ಲೇ ಕಟ್ಟಿಹಾಕಿದ್ದ, ಅಷ್ಟೆ. ಇಂಥವರಿಂದಲೇ ಊರು ಶಾಂತವಾಗಿರುತ್ತದೆ.

ಆಸ್ಪತ್ರೆಯ ಬಾಗಿಲಿನಲ್ಲಿ ಆಯಾ ನೆಲ ಒರೆಸುತ್ತಿದ್ದಳು. "ಏನ್ ಹೂವಿನಣ್ಣ, ಈ ಸಲನಾದ್ರೂ ನಂಗೇನಾ?"

"ನಿನ್ಗೆ ಯಾರು ಕಳಿಸ್ತಾರೆ?"

"ನನ್ ಗಂಡ ಇದ್ದಿದ್ರೆ ಕಳಿಸ್ತಿದ್ನೋ ಏನೋ. ಅವನು ಬರೀ ಒದೀತಿದ್ದ, ಹೂವಿನ ಖರ್ಚು ಉಳಿಸ್ತಿದ್ದ," ಎಂದು ಅವಳು ಬಕೆಟ್ಟಿಗೆ ಬಟ್ಟೆ ಹಿಂಡಿ ನಕ್ಕಳು. ಆಮೇಲೆ ಜಾಡಿಯನ್ನು ನೋಡಿ, ದನಿ ತಗ್ಗಿಸಿದಳು. "ಆ ಕಡೇ ಕೋಣೆಗಾ? ಒದ್ದೆ ಇದೆ, ಅಂಚಿನಲ್ಲಿ ಹೋಗು. ಬಾಗಿಲಲ್ಲಿ ಆ ಅಮ್ಮನ ತಂಗಿ ಕೂತಿದೆ. ಒಂಬತ್ತು ದಿನದಿಂದ ಒಳಗೆ ಬಿಟ್ಟಿಲ್ಲ ಆ ಅಮ್ಮ. ದವಡೆಗೆ ತಂತಿ ಹಾಕಿದಾರಲ್ಲ, ಮಾತಾಡಕ್ಕಾಗಲ್ಲ. ಪೊಲೀಸ್ನೋರು ಪೆನ್ನು ಕೊಟ್ಟು ಬರಿ ಅಂದ್ರೆ ಗೋಡೆ ಕಡೆ ತಿರುಗ್ತಾಳೆ. ಅವಳು ಬರೆದಿದ್ದು ಒಂದೇ ಮಾತು. ತಂಗಿ ಬೇಡ ಅಂತ."

ತಂಗಿ ಮರದ ಬೆಂಚಿನ ಮೇಲೆ, ಮಡಿಲಲ್ಲಿ ಅದೇ ಮೂರು ಅಂತಸ್ತಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಕೈಯ ಮೇಲೆ ಇಸ್ತ್ರಿಯ ಸುಟ್ಟ ಗಾಯಗಳು. ಇವನನ್ನು ಕಂಡು ಎದ್ದು ನಿಂತಳು. ಅವಳಿಗೆ ಯಾರನ್ನು ಕಂಡರೂ ಎದ್ದು ನಿಲ್ಲುವ ಅಭ್ಯಾಸವಾಗಿಬಿಟ್ಟಿತ್ತು.

"ಬನ್ನಿ ಅಣ್ಣ. ಅವನು ಕಳಿಸಿದ್ದಾ?"

ಅವನು ತಲೆಯಾಡಿಸಿದ.

"ಅಕ್ಕ ಪೊಲೀಸ್ನೋರಿಗೆ ಯಾಕೆ ಬರ್ದು ಕೊಡ್ತಿಲ್ಲ ಗೊತ್ತಾ ಅಣ್ಣ? ಹೋದ ವರ್ಷ ಒಂದ್ಸಲ ಕೊಟ್ಟಿದ್ಳು. ಗಂಡ ಹೆಂಡತಿ ಜಗಳ ಅಂತ ಠಾಣೇಲೇ ಕೈಕುಲುಕಿಸಿ ಮನೆಗೆ ಕಳಿಸಿದ್ರು. ಆವತ್ತಿಂದ ಅವಳು ಈ ಲೋಕದಲ್ಲಿ ನಂಬಿದ್ದು ನನ್ನೊಬ್ಬಳನ್ನ. ಆ ಕೋಣೆ ನಂಗೆ ಬಿಟ್ರೆ ನರಪಿಳ್ಳೆಗೂ ಗೊತ್ತಿರ್ಲಿಲ್ಲ. ಈಗ ಅವಳು ನಾನೇ ಹೇಳಿದ್ದು ಅಂದ್ಕೊಂಡಿದ್ದಾಳೆ." ಅವಳು ಅಳಲಿಲ್ಲ, ಅಳುವುದೆಲ್ಲ ಮುಗಿದಿತ್ತು. "ನಾನು ಹೇಳ್ಲಿಲ್ಲ ಅಣ್ಣ. ನಿದ್ದೆಗಣ್ಣಲ್ಲಿ ಏನಾದ್ರೂ ಬಾಯಿ ಬಿಟ್ನಾ ಅಂತ ನಂಗೇ ಅನುಮಾನ ಬರೋಕೆ ಶುರುವಾಗಿದೆ. ಅವನಿಗೆ ಯಾರು ಹೇಳಿದ್ರು?"

ನೀವು ಊರಿನೋರನ್ನೆಲ್ಲ ಬಲ್ಲಿರಿ, ಯಾರು ಹೇಳಿದರೆಂದು ಹುಡುಕಿಕೊಡಿ ಎಂಬ ಬೇಡಿಕೆ ಆ ಕಣ್ಣುಗಳಲ್ಲಿತ್ತು. ಅವನು ಜಾಡಿಯನ್ನು ಎದೆಗಪ್ಪಿಕೊಂಡು, ಅವಳನ್ನು ದಾಟಿ ಕೋಣೆಯೊಳಗೆ ನಡೆದ. ಹದಿನೇಳು ವರ್ಷಗಳ ಕಾಲುಗಳು. ಬಾಗಿಲು ಕಂಡರೆ ಒಳಗೆ ಹೋಗುತ್ತವೆ.

ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಿದಳು. ಮುಖದ ಒಂದು ಭಾಗ ಬಿಳಿಯ ಬಟ್ಟೆ. ಇನ್ನೊಂದರಲ್ಲಿ ಒಂದು ಕಣ್ಣು. ಆ ಕಣ್ಣು ಮೊದಲು ಹೂವನ್ನು ಕಂಡಿತು, ಆಮೇಲೆ ಜಾಡಿಯನ್ನು, ಆಮೇಲೆ ಇವನನ್ನು. ಮರುಗಳಿಗೆಯಲ್ಲಿ ಆಕೆಯ ಮೈ ಇಡಿಯಾಗಿ ಹಿಂದಕ್ಕೆ ಚಿಮ್ಮಿ ಗೋಡೆಗೆ ಬಡಿಯಿತು. ಮೊಣಕಾಲು ಎದೆಗೇರಿತು, ತೋಳು ತಲೆಯನ್ನು ಸುತ್ತಿಕೊಂಡಿತು, ಬಿಗಿದ ತಂತಿಗಳ ಹಿಂದಿನಿಂದ ಒಂದು ಸದ್ದು ಹೊರಟಿತು. ಅದು ಕೂಗಲ್ಲ, ಕೂಗಲು ಬಾಯಿ ಬೇಕು. ಮೂಗಿನಿಂದ, ಗಂಟಲಿನಿಂದ, ಪಕ್ಕೆಗಳಿಂದ ಒಸರುವ ಸದ್ದು. ಹಾಸಿಗೆಯ ಕಬ್ಬಿಣ ನಡುಗಿತು. ಅವನಿಗೆ ಆಗ ಗೊತ್ತಾಯಿತು: ಎಂಟು ಸಲ ಇವನು ಬಂದದ್ದು ಏಟಿನ ಹಿಂದೆ, ಒಂಬತ್ತನೆಯ ಸಲ ಏಟಿನ ಮುಂದೆ. ಆಕೆಯ ಮೈಗೆ ಇವನೂ ಆ ಕೈಯ ಒಂದು ಬೆರಳು.

"ತಾಯಿ, ಹೆದರ್ಬೇಡಿ. ನಾನು... ನಿಮ್ಮ ತಂಗಿ ಹೇಳ್ಲಿಲ್ಲ ತಾಯಿ." ಮಾತು ಉರುಳಿಬಿದ್ದಿತು, ಇನ್ನು ಹಿಡಿಯುವಂತಿರಲಿಲ್ಲ. "ನಾನು. ಅವರ ಹಿಂದೆ ಹೋದೆ. ಡಬ್ಬಿ ನೋಡಿ ಹಿಂದೆ ಹೋದೆ. ಜಾಗ ಬರೆದು ಚೀಟೀನ ಅವನ ಕೈಗೆ ಕೊಟ್ಟೋನು ನಾನು. ಅವನು ಸಹಿ ಹಾಕಿದಾನೆ, ನಾಲ್ಕು ಗಂಟೆ ಹತ್ತು ನಿಮಿಷ, ಇಲ್ಲಿದೆ, ನನ್ನ ಹತ್ರ ಇದೆ."

ಹಿಂದೆ ಡಬ್ಬಿ ನೆಲಕ್ಕೆ ಬಿದ್ದು ಅಂತಸ್ತುಗಳು ಚದುರಿದವು. ತಂಗಿ ಬಂದು ಎದುರು ನಿಂತಳು. ಕೆನ್ನೆಗೆ ಬಿದ್ದ ಏಟು ಎಷ್ಟು ಬಲವಾಗಿತ್ತೆಂದರೆ, ದಿನವಿಡೀ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಎತ್ತುವ ಕೈ ಅದು, ಅವನ ಕಿವಿಯೊಳಗೆ ಸಿಳ್ಳೆ ಹೊಡೆದಂತಾಯಿತು. ಎರಡನೆಯ ಏಟಿಗೆ ಕನ್ನಡಕ ಹಾರಿತು. ಮೂರನೆಯದು ಬಾಯಿಗೆ. ಜಾಡಿ ಕೈಜಾರಿ ನೆಲಕ್ಕೆ ಬಿದ್ದು ಉರುಳಿತು. ನೀರು ಹರಿಯಿತು, ಲಿಲ್ಲಿಗಳು ಒದ್ದೆ ನೆಲಕ್ಕೆ ಮೆತ್ತಿಕೊಂಡವು. ಜಾಡಿ ಒಡೆಯಲಿಲ್ಲ.

"ನಾನು ತಿರುಗಿ ನೋಡ್ದೆ," ಎಂದಳು ತಂಗಿ, ಏದುಸಿರಿನಲ್ಲಿ. "ಎರಡ್ಸಲ ತಿರುಗಿ ನೋಡ್ದೆ. ಹೂವಿನಣ್ಣ ಅಂತ ಸುಮ್ನಾದೆ. ಹೂವಿನಣ್ಣ! ಥೂ." ಕಾಲ ಬಳಿ ಬಿದ್ದಿದ್ದ ಕನ್ನಡಕದ ಮೇಲೆ ಅವಳ ಕಣ್ಣು ನಿಂತಿತು. "ಇದೂ ಅವನು ಕೊಟ್ಟಿದ್ದಾ?"

"ಹೂಂ."

ಅವಳು ಹಿಮ್ಮಡಿ ಇಟ್ಟು ತಿರುಚಿದಳು. ಗಾಜು ಪುಡಿಯಾದ ಸದ್ದು ಅವನಿಗೆ ಒಂದು ಬಗೆಯ ಸಮಾಧಾನ ತಂದಿತು. ಅಷ್ಟು ಸುಲಭವಾಗಿ ಸಮಾಧಾನ ಪಡೆಯುವ ತನ್ನ ಮನಸ್ಸನ್ನು ಅವನು ನಂಬಲಿಲ್ಲ.

ಹಾಸಿಗೆಯ ಮೇಲಿನ ಸದ್ದು ನಿಂತಿತ್ತು. ಮಸುಕಾದ ಬಿಳುಪಿನ ನಡುವಿನಿಂದ ಒಂದು ಕೈ ಚಾಚಿತು. ಮೊದಲು ಅದು ತಂಗಿಯನ್ನು ತಡಕಾಡಿ, ಅವಳ ಮಣಿಕಟ್ಟನ್ನು ಹಿಡಿಯಿತು. ತಂಗಿ ಹಾಸಿಗೆಯ ಬುಡದಲ್ಲಿ ಕುಸಿದಳು. ಇಬ್ಬರ ನಡುವೆ ಏನು ನಡೆಯಿತೋ ಅವನಿಗೆ ಕಾಣಲಿಲ್ಲ. ಕಾಣದಿದ್ದದ್ದೇ ಸರಿ, ಅದು ಅವನಿಗೆ ಸೇರಿದ್ದಲ್ಲ. ಬಹಳ ಹೊತ್ತಿನ ಮೇಲೆ ಆಕೆಯ ಇನ್ನೊಂದು ಕೈ ಇವನ ಕಡೆಗೆ ತಿರುಗಿ, ಎರಡು ಬೆರಳು ಆಡಿಸಿತು. ಹೊಸ್ತಿಲ ಮೇಲೆ ಎಂಟು ಸಲ ಹೀಗೆಯೇ ಆಡಿಸಿದ್ದಳು, ಚೀಟಿ ಕೊಡು, ಸಹಿ ಹಾಕುತ್ತೇನೆ ಎಂದು. ಅವನು ಇವತ್ತಿನ ಚೀಟಿಯನ್ನೂ ಪೆನ್ನನ್ನೂ ಕೊಟ್ಟ. ಪೆನ್ನು ಕಾಗದದ ಮೇಲೆ ಕೆರೆಯಿತು, ನಿಂತಿತು, ಮತ್ತೆ ಕೆರೆಯಿತು. ಸಹಿಗೆ ಇಷ್ಟು ಹೊತ್ತು ಬೇಡ.

ತಂಗಿ ಅದನ್ನು ತೆಗೆದುಕೊಂಡು, ದನಿ ನಡುಗದಂತೆ ಒಂದೊಂದೇ ಪದ ಓದಿದಳು. "ನನ್ನ ಗಂಡ ಹೊಡೆದ. ಹೂವಿನ ಜಾಡಿಯಿಂದ ಹೊಡೆದ. ಬಾಗಿಲು ಹಾಕಿಕೊಂಡು ಹೊಡೆದ. ನನ್ನ ತಂಗಿಯ ತಪ್ಪಿಲ್ಲ."

"ಜಾಡಿ ಇದೇ," ಎಂದ ಅವನು. "ಮಾರನೇ ದಿನ ತೊಳೆದು ತಂದು ಕೊಟ್ಟ. ತಳದಲ್ಲಿ ಗುಳ್ಳೆ ಇದೆ."

ತಂಗಿ ಎದ್ದು, ಬಗ್ಗಿ, ಜಾಡಿಯನ್ನು ಸೆರಗಿನಿಂದ ಹಿಡಿದೆತ್ತಿ ಅವನ ಎದೆಗೆ ಒತ್ತಿದಳು. ಚೀಟಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅಕ್ಕನ ಕೈ ಅವಳ ಸೆರಗನ್ನು ಬಿಟ್ಟಿರಲಿಲ್ಲ. ಅವಳು ಅಲ್ಲಿಂದ ಕದಲುವಂತಿರಲಿಲ್ಲ. "ಹುಡುಕ್ಕೊಂಡು ಹೋಗೋದು ನಿಮಗೆ ಚೆನ್ನಾಗಿ ಬರುತ್ತಲ್ಲ," ಎಂದಳು. "ಠಾಣೆ ಹುಡುಕಿ."

ಕನ್ನಡಕವಿಲ್ಲದ ಊರು ಬಣ್ಣದ ನೀರಾಗಿತ್ತು. ಸೈಕಲ್ ಹತ್ತುವಂತಿರಲಿಲ್ಲ. ಜಾಡಿಯನ್ನು ಕಂಕುಳಲ್ಲಿಟ್ಟು, ಗೋಡೆ ಸವರುತ್ತ, ಚರಂಡಿಯ ಅಂಚು ತಡವುತ್ತ ನಡೆದ. ಹದಿನೇಳು ವರ್ಷ ಯಾರನ್ನೂ ದಾರಿ ಕೇಳದವನು ಎದುರು ಬಂದ ಬಣ್ಣಗಳನ್ನೆಲ್ಲ ಕೇಳಿದ: ದೊಡ್ಡ ಬೀದಿ ಇದೇನಾ? ಠಾಣೆ ಎಲ್ಲಿ? "ಅಯ್ಯೋ, ನಾಯಿಮೂಗಿಗೆ ದಾರಿ ತಪ್ಪಿಬಿಟ್ಟಿದೆ ಕಣ್ರೋ!" ಎಂದು ಕ್ಷೌರದಂಗಡಿಯಿಂದ ಯಾರೋ ನಕ್ಕರು. "ಶೀತ ಆಗಿರ್ಬೇಕು," ಎಂದು ಇನ್ನೊಬ್ಬರು. ಅವನು ನಿಲ್ಲಲಿಲ್ಲ. ಠಾಣೆಯ ಇನ್‌ಸ್ಪೆಕ್ಟರು ಏನು ಮಾಡುವರೋ ಗೊತ್ತಿಲ್ಲ; ಕನ್ನಡಕ ತೆಗೆದು ಒರೆಸಿಕೊಂಡು, ಗಂಡ ಹೆಂಡತಿ ಜಗಳ ಎಂದಾರು. ಮೇಜಿನ ಖಾನೆಯೊಳಗೆ ಚೀಟಿಗಳನ್ನಿಟ್ಟು ಬೀಗ ಹಾಕಿಯಾರು. ಕೈಗೆ ಮುಟ್ಟಿಸುವುದಷ್ಟೇ ನನ್ನ ಕೆಲಸ ಎಂದು ಹೇಳಿಕೊಳ್ಳಹೊರಟು, ಆ ಮಾತಿನ ನಾತ ಅವನಿಗೇ ಬಡಿದು ಸುಮ್ಮನಾದ.

ಠಾಣೆಗಿಂತ ಹತ್ತು ಹೆಜ್ಜೆ ಈಚೆಗೆ ಒಂದು ಹೊಳಪು ದಾರಿಗೆ ಅಡ್ಡ ಬಂತು. ಗಾಜಿನ ಬಾಗಿಲು ತೆರೆದದ್ದು. ಅದರ ಮುಂದೆ ಬಿಳಿಯ ಅಂಗಿ.

"ಏನಿದು, ಬಾಯೆಲ್ಲ ರಕ್ತ? ಕನ್ನಡಕ ಎಲ್ಲಿ?" ದನಿ ಎಂದಿನಂತೆ ಮೃದುವಾಗಿತ್ತು. "ಬನ್ನಿ ಒಳಗೆ, ಬೇರೆ ಕೊಡ್ತೀನಿ. ಚೀಟಿ ತಂದ್ರಾ?"

ಚಾಚಿದ ಕೈ ಅವನಿಗೆ ಕಾಣಲಿಲ್ಲ, ಆದರೆ ಅಲ್ಲಿದೆಯೆಂದು ಗೊತ್ತಿತ್ತು. ಭಯಂಕರವೆಂದರೆ, ಅವನ ತೋಳು ತಾನಾಗಿಯೇ ಅತ್ತ ಎದ್ದಿತು, ಎರಡೂ ಕೈಯಿಂದ ಕೊಡುವವನ ಹಳೆಯ ವಿನಯದಿಂದ. ಅರ್ಧ ದಾರಿಯಲ್ಲಿ ಅದನ್ನು ಎಳೆದು ನಿಲ್ಲಿಸಬೇಕಾಯಿತು.

"ತಂದಿದ್ದೀನಿ. ನಿಮಗಲ್ಲ."

"ಅಂದ್ರೆ?" ಬಿಳಿಯ ಅಂಗಿ ಹತ್ತಿರವಾಯಿತು. ಕೊರಳಪಟ್ಟಿಯ ಸುತ್ತ ಬೆರಳುಗಳು ಸ್ನೇಹದಿಂದೆಂಬಂತೆ ಬಿಗಿದವು. "ಜಾಡಿ ಯಾಕೆ ವಾಪಸ್ ತಂದ್ರಿ? ಒ‍ಳಗೆ ಬನ್ನಿ ಅಂದೆ. ಬೀದೀಲಿ ಜನ ನೋಡ್ತಿದ್ದಾರೆ."

ಜನ ನೋಡುತ್ತಿದ್ದಾರೆ. ಈ ನಾಲ್ಕು ಗೋಡೆಯೊಳಗಿನ ಲೋಕಕ್ಕೆಲ್ಲ ಇರುವ ಒಂದೇ ಹೆದರಿಕೆ ಅದು. ಅವನು ಗಾಳಿ ಎಳೆದುಕೊಂಡ. ಹೊಟ್ಟೆಯಿಂದ ಎದ್ದು ಬಂದದ್ದು ಮಾತಲ್ಲ, ಮಹಡಿಗಳಿಗೂ ಹಿತ್ತಿಲುಗಳಿಗೂ ಕೇಳುವಂತೆ ಹದಿನೇಳು ವರ್ಷ ಪಳಗಿಸಿದ ಅದೇ ರಾಗ:

"ಅಮ್ಮಾ... ಹೂವು ಬಂದಿದೆ! ನನ್ನ ಗಂಡ ಹೊಡೆದ! ಹೂವಿನ ಜಾಡಿಯಿಂದ ಹೊಡೆದ!"

ಬೀದಿಯುದ್ದಕ್ಕೂ ಕಿಟಕಿಗಳು ಅಭ್ಯಾಸಬಲದಿಂದ ತೆರೆದವು. ಹೂವಿನವನ ಕೂಗಿಗೆ ಈ ಊರಿನಲ್ಲಿ ಬಾಗಿಲು ತೆರೆಯದ ಹೆಂಗಸಿಲ್ಲ. "ಬಾಯಿ ಮುಚ್ಚಿ," ಎಂದಿತು ಮೃದುವಾದ ದನಿ, ಕಿವಿಯ ಬಳಿ. "ಬಾಗಿಲು ಹಾಕಿಕೊಂಡು ಹೊಡೆದ!" ಎಂದು ಅವನು ಕೂಗಿದ. ಕಂಕುಳಿನಿಂದ ಜಾಡಿ ಕಿತ್ತುಹೋಯಿತು. ಮೇಲೆ ಬಿಸಿಲಿನಲ್ಲಿ ಏನೋ ಒಂದು ಕ್ಷಣ ಹೊಳೆಯಿತು, ಅವನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು, ಹೆಂಡತಿಯದು ಮುಚ್ಚಿ ತೆರೆಯುವ ಹಾಗೆಯೇ. ಆಮೇಲೆ ಹುಬ್ಬಿನ ಮೇಲೆ ಗಾಜು ಇಳಿಯಿತು. ಮೂಳೆಯ ಸದ್ದು ಒಳಗಿನಿಂದ ಕೇಳುವುದೇ ಬೇರೆ. ಮಂಡಿ ನೆಲಕ್ಕೆ ತಾಗಿತು. ಎರಡನೆಯ ಏಟು ಭುಜಕ್ಕೆ, ಮೂರನೆಯದು ಮತ್ತೆ ತಲೆಗೆ. ಇಡೀ ಬೀದಿ ನೋಡುತ್ತಿತ್ತು. ಇಷ್ಟು ವರ್ಷ ಬಾಗಿಲ ಹಿಂದಿದ್ದ ಕೈಯನ್ನು, ಅದು ಮೇಲೇಳುವ ರೀತಿಯನ್ನು, ಇಳಿಯುವ ಅಳತೆಯನ್ನು, ಊರು ಹಗಲಿನ ಬೆಳಕಿನಲ್ಲಿ, ಅವನೇ ಕೊಟ್ಟ ಕನ್ನಡಕಗಳ ಮೂಲಕ, ಸ್ಪಷ್ಟವಾಗಿ ನೋಡುತ್ತಿತ್ತು. ಎಲ್ಲೋ ಒಬ್ಬ ಹೆಂಗಸು ಚೀರಿದಳು. ಠಾಣೆಯ ಕಡೆಯಿಂದ ಬೂಟುಗಳು ಓಡಿಬಂದವು.

"ನನ್ನ ತಂಗಿಯ ತಪ್ಪಿಲ್ಲ," ಎಂದು ಅವನು ನೆಲಕ್ಕೆ ಹೇಳಿದ. ಅದನ್ನು ಕೂಗಲು ಉಸಿರಿರಲಿಲ್ಲ.

ಯಾರೋ ಅವನ ಬಲಗೈಯ ಮೇಲೆ ಬಾಗಿದ್ದರು. ಚೀಟಿ ಹಿಡಿದ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚುತ್ತಿದ್ದರು. ಇನ್‌ಸ್ಪೆಕ್ಟರೋ, ಕನ್ನಡಕದವನೋ, ರಕ್ತ ತುಂಬಿದ ಕಣ್ಣಿಗೆ ತಿಳಿಯಲಿಲ್ಲ. ಕಿರುಬೆರಳು ಲಟಕ್ಕೆಂದಿತು. ಯಾರ ಕೈಗೆ ಮುಟ್ಟಿಸುತ್ತಿದ್ದೇನೆಂದು ಖಚಿತವಾಗುವ ತನಕ, ಬದುಕಿನಲ್ಲಿ ಮೊದಲ ಬಾರಿಗೆ, ಅವನು ಬಿಗಿಹಿಡಿದೇ ಇದ್ದ.